ಎಂಟು ತಿಂಗಳಿಂದ ಕ್ಯಾಲಿಗ್ರಫಿ ಕಲಿಯುತ್ತಿದ್ದೇನೆ. ದುಡ್ಡು ತೆಗೆದುಕೊಂಡು ಬರೆದುಕೊಡುವಷ್ಟು ಕೈ ಪಳಗಿದೆಯಾ ಅಂತ ತಿಳಿಯುವುದು ಹೇಗೆ?

ನೀಲಿಮಸಿ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ದಿನಾ ರಾತ್ರಿ ಒಂದು ಗಂಟೆ ಕ್ಯಾಲಿಗ್ರಫಿ ಅಭ್ಯಾಸ ಮಾಡುತ್ತಿದ್ದೇನೆ. ಮೊದಲು ಬ್ರಷ್ ಪೆನ್ನು ಹಿಡಿದೆ. ಆಮೇಲೆ ಮೊನಚು ನಿಬ್ಬಿಗೆ ಬಂದು ಕಾಪರ್‌ಪ್ಲೇಟ್ ಶೈಲಿ, ಅಂದರೆ ಬಲಕ್ಕೆ ವಾಲಿದ, ದಪ್ಪ ತೆಳು ಗೆರೆಯ ಇಂಗ್ಲಿಷ್ ಬರಹ ಕಲಿತೆ. ಈಗ ಮೂರು ತಿಂಗಳಿಂದ ಅಗಲ ನಿಬ್ಬಿನಲ್ಲಿ ಕನ್ನಡವನ್ನೂ ಬರೆಯುತ್ತಿದ್ದೇನೆ. ಗುರುಗಳು ಅಂತ ಯಾರೂ ಇಲ್ಲ. ವಿಡಿಯೋ ನೋಡಿ, ಮಾದರಿ ಹಾಳೆ ಎದುರಿಗಿಟ್ಟುಕೊಂಡು ತಿದ್ದಿದ್ದೇ ಎಲ್ಲ.

ಹೋದ ವಾರ ಆಫೀಸಿನಲ್ಲಿ ಒಬ್ಬರು ನನ್ನ ನೋಟ್‌ಬುಕ್ ನೋಡಿದರು. "ಮಗಳ ಮದುವೆಗೆ 120 ಕವರಿನ ಮೇಲೆ ಹೆಸರು, ವಿಳಾಸ ಬರೆದುಕೊಡುತ್ತೀರಾ? ಎಷ್ಟಾಗುತ್ತದೆ ಹೇಳಿ" ಅಂದರು. ಐದು ವಾರ ಸಮಯ ಇದೆ. ಖುಷಿಯೂ ಆಯಿತು, ಭಯವೂ ಆಯಿತು. ಬಾಯಿಗೆ ಬಂದ ಮೊತ್ತ ಹೇಳುವುದು ಬೇಡ ಅಂತ ನಾಲ್ಕು ದಿನ ಟೈಮ್ ಕೇಳಿದ್ದೇನೆ.

ಬರೆದು ನೋಡಲು ಒಂದು ಕಟ್ಟು ಕವರ್ ಕೊಟ್ಟಿದ್ದಾರೆ. ನಿನ್ನೆ ಕೂತು ಇಪ್ಪತ್ತು ಬರೆದೆ. ಎರಡು ತೊಂದರೆ ಕಾಣಿಸಿತು. ಒಂದು, ಮಸಿ ಹರಡುತ್ತದೆ. ನನ್ನ ಅಭ್ಯಾಸದ ಹಾಳೆಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಬರುವ ಗೆರೆ ಈ ಕವರಿನ ಮೇಲೆ ಬೇರು ಬಿಟ್ಟ ಹಾಗೆ ಕಾಣುತ್ತದೆ. ಇನ್ನೊಂದು, ಹದಿನೈದು ದಾಟುವಷ್ಟರಲ್ಲಿ ಅಕ್ಷರ ಸಡಿಲವಾಗುತ್ತದೆ. ಮೊದಲನೆಯದನ್ನೂ ಇಪ್ಪತ್ತನೆಯದನ್ನೂ ಪಕ್ಕಪಕ್ಕ ಇಟ್ಟರೆ ಇಬ್ಬರು ಬರೆದ ಹಾಗಿದೆ.

ಹೀಗಿರುವಾಗ ಒಪ್ಪಿಕೊಳ್ಳಬಹುದಾ? ಒಪ್ಪಿಕೊಂಡರೆ ಬೆಲೆ ಹೇಗೆ ಹೇಳುವುದು? ಮುಂದೆ ಇದನ್ನೇ ಒಂದು ಪುಟ್ಟ ಉದ್ಯೋಗ ಮಾಡಿಕೊಳ್ಳುವ ಆಸೆಯೂ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಲೆಕ್ಕಣಿಕೆ:

ನೀಲಿಮಸಿ ಅವರೇ, ನಾನು ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕವರು, ಪ್ರಮಾಣಪತ್ರ, ಊಟದ ಮೇಜಿನ ಮೇಲಿಡುವ ಹೆಸರಿನ ಚೀಟಿ, ಗೋಡೆಗೆ ಹಾಕುವ ಬರಹ. ನೀವು ಮೊದಲನೆಯ ಕವರನ್ನೂ ಇಪ್ಪತ್ತನೆಯದನ್ನೂ ಪಕ್ಕ ಇಟ್ಟು ನೋಡಿದಿರಿ ಅಲ್ವಾ? ಅದನ್ನು ಓದಿ ನನಗೆ ತುಂಬಾ ಸಂತೋಷವಾಯಿತು. ಎಷ್ಟೋ ಜನ ಒಂದು ಚಂದದ ಅಕ್ಷರ ಬರೆದು, ಅದರ ಫೋಟೋ ತೆಗೆದು, ಅಲ್ಲಿಗೇ ನಿಲ್ಲುತ್ತಾರೆ.

ಒಂದು ಸಲ ಚಂದವಾಗಿ ಬರೆಯುವುದು ಆರೆಂಟು ತಿಂಗಳಲ್ಲಿ ಬಂದುಬಿಡುತ್ತದೆ. ಅದೇ ಅಕ್ಷರವನ್ನು 120 ಸಲ ಒಂದೇ ಹದದಲ್ಲಿ ಬರೆಯುವುದಕ್ಕೆ ಜನ ದುಡ್ಡು ಕೊಡುತ್ತಾರೆ. ಹಾಗಾಗಿ ನಿಮ್ಮ ಎರಡನೇ ತೊಂದರೆಯಿಂದಲೇ ಶುರು ಮಾಡುತ್ತೇನೆ. ಬೆಲೆಯ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ನಾಳೆ ಹತ್ತು ಕವರ್ ತೆಗೆದುಕೊಳ್ಳಿ. ಗಡಿಯಾರ ಎದುರಿಗಿರಲಿ. ಬರೆಯುವ ಹೊತ್ತನ್ನು ಮಾತ್ರ ಲೆಕ್ಕ ಹಾಕಬೇಡಿ. ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ಮಸಿ ಕಲೆಸುವುದು, ನಡುನಡುವೆ ನಿಬ್ಬು ಒರೆಸುವುದು, ಒಣಗಿದ ಮೇಲೆ ಗೆರೆ ಅಳಿಸುವುದು, ಪಟ್ಟಿಯ ಜೊತೆ ಹೆಸರು ತಾಳೆ ನೋಡುವುದು, ಎಲ್ಲವೂ ಸೇರಲಿ. ನನ್ನದನ್ನೇ ಹೇಳುತ್ತೇನೆ. ನಾಲ್ಕು ಸಾಲಿನ ಒಂದು ವಿಳಾಸ ಬರೆಯಲು ನನಗೆ ನಾಲ್ಕು ನಿಮಿಷ ಸಾಕು. ಆದರೆ ಕವರ್ ಒಂದು ಪೂರ್ತಿ ಮುಗಿಯಲು ಒಂಬತ್ತು ನಿಮಿಷ ಹಿಡಿಯುತ್ತದೆ. ಮೊದಲ ವರ್ಷವಿಡೀ ನಾನು ಆ ನಾಲ್ಕು ನಿಮಿಷಕ್ಕೆ ಮಾತ್ರ ದುಡ್ಡು ಕೇಳುತ್ತಿದ್ದೆ. ಉಳಿದ ಐದು ನಿಮಿಷ ಸುಮ್ನೆ ಹೋಗುತ್ತಿತ್ತು.

ಈಗ ನನ್ನ ಲೆಕ್ಕದಲ್ಲೇ ನೋಡಿ. 120 ಕವರು, ಕೆಡುವುದಕ್ಕೆ ಅಂತ ಇನ್ನು 12. ಒಟ್ಟು 132. ತಲಾ ಒಂಬತ್ತು ನಿಮಿಷ ಅಂದರೆ 1188 ನಿಮಿಷ, ಹೆಚ್ಚುಕಡಿಮೆ ಇಪ್ಪತ್ತು ಗಂಟೆ. ನಿಮ್ಮ ಒಂದು ಗಂಟೆಗೆ ಎಷ್ಟು ಸಿಗಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ. ಅದನ್ನು ಗಂಟೆಗಳಿಂದ ಗುಣಿಸಿ, ಮಸಿ ಮತ್ತು ನಿಬ್ಬಿನ ಖರ್ಚು ಸೇರಿಸಿ, 120ರಿಂದ ಭಾಗಿಸಿ. ಕವರಿಗೆ ಇಷ್ಟು ಅಂತ ಬಂತಲ್ಲ, ಅದನ್ನೇ ಹೇಳಿ. ಅವರಿಗೆ ಜಾಸ್ತಿ ಅನ್ನಿಸಿದರೆ ಬೆಲೆ ಇಳಿಸಬೇಡಿ, ಕೆಲಸ ಇಳಿಸಿ. "ವಿಳಾಸ ನೀವು ಪ್ರಿಂಟ್ ಹಾಕಿಸಿ, ಹೆಸರು ಮಾತ್ರ ನಾನು ಬರೆಯುತ್ತೇನೆ" ಅನ್ನಿ. ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ.

ಕವರಿಗೆ ಒಂಬತ್ತು ನಿಮಿಷದಂತೆ ಗಂಟೆಗೆ ಆರೋ ಏಳೋ ಕವರು ಅಷ್ಟೇ ಆಗುವುದು. ನಿಮ್ಮ ಅಕ್ಷರ ಸಡಿಲವಾಗುವುದು ಹದಿನೈದರ ಮೇಲೆ. ದಿನಾ ಒಂದು ಗಂಟೆ ಬರೆದು ಏಳಿ, ಆ ಹದಿನೈದರ ಹತ್ತಿರಕ್ಕೂ ನೀವು ಹೋಗುವುದಿಲ್ಲ. ಕೊನೆಯ ವಾರ ರಾತ್ರಿಯಿಡೀ ಕೂತು ಮುಗಿಸುತ್ತೇನೆ ಅಂದರೆ ಮಾತ್ರ ಕಷ್ಟ.

ಆಗ ಒಂದೇ ಪ್ರಶ್ನೆ ಉಳಿಯುತ್ತದೆ. ಸೋಮವಾರದ ಅಕ್ಷರವೂ ಮುಂದಿನ ಗುರುವಾರದ ಅಕ್ಷರವೂ ಹೊಂದಬೇಕಲ್ಲ? ಅದಕ್ಕೆ ನಾನು ಮಾಡುವುದು ಇಷ್ಟು. ಅವರು ಒಪ್ಪಿದ ಮೊದಲ ಕವರನ್ನು ಎದುರಿನ ಗೋಡೆಗೆ ಅಂಟಿಸುತ್ತೇನೆ. ಪ್ರತಿ ರಾತ್ರಿ ಬೇರೆ ಹಾಳೆಯ ಮೇಲೆ ಹತ್ತು ನಿಮಿಷ ಬರೀ ಓರೆ ಗೆರೆ, ಬರೀ ಸೊನ್ನೆ ಬರೆದು ಕೈ ಬಿಸಿ ಮಾಡಿಕೊಳ್ಳುತ್ತೇನೆ. ಕಾಪರ್‌ಪ್ಲೇಟ್ ಆದರೆ 55 ಡಿಗ್ರಿಯ ಓರೆಗೆರೆ ಹಾಕಿದ ಹಾಳೆಯನ್ನು ಕವರಿನ ಒಳಗೆ ತೂರಿಸಿ, ಕೆಳಗಿನಿಂದ ಬೆಳಕು ಬಿಡುತ್ತೇನೆ. ತೆಳು ಬಣ್ಣದ ಕವರಿಗೆ ಇದು ಸಾಕು, ಪೆನ್ಸಿಲ್ ಗೆರೆ ಎಳೆಯುವ, ಅಳಿಸುವ ಹೊತ್ತು ಉಳಿಯುತ್ತದೆ. ಮಸಿಗೆ ಎಷ್ಟು ಹನಿ ನೀರು ಹಾಕಿದೆ ಅನ್ನುವುದನ್ನೂ ಬರೆದಿಡುತ್ತೇನೆ.

ನಿಬ್ಬಿನ ಮೇಲೂ ಕಣ್ಣಿರಲಿ. ಮೊನಚು ನಿಬ್ಬು ಸವೆಯುತ್ತದೆ. ಕೆಳಗೆ ಒತ್ತಿ ಎಳೆದಾಗ ಅದರ ಎರಡು ತುದಿಗಳು ಬಿಚ್ಚಿಕೊಳ್ಳುತ್ತವೆ, ನಡುವೆ ಮಸಿ ತುಂಬಿಕೊಂಡು ದಪ್ಪ ಗೆರೆ ಬರುತ್ತದೆ. ಒತ್ತಡ ಬಿಟ್ಟ ಕೂಡಲೇ ಎರಡೂ ಸರಿಯಾಗಿ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದೆ ಸ್ವಲ್ಪ ಬಾಯಿ ತೆರೆದೇ ಇದ್ದರೆ ಮೇಲಕ್ಕೆ ಹೋಗುವ ತೆಳು ಗೆರೆ ದಪ್ಪವಾಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಸಂದು ಕಾಣುತ್ತದೆ. ಎಷ್ಟೋ ಸಲ ಕೈ ಕೆಟ್ಟಿತು ಅಂದುಕೊಳ್ಳುತ್ತೇವೆ, ಕೆಟ್ಟಿರುವುದು ನಿಬ್ಬು. ಹೀಗಾಗಿ ನಾನು ಒರಟು ಕವರಾದರೆ ಮೂವತ್ತಕ್ಕೊಂದು ನಿಬ್ಬು ಬದಲಾಯಿಸುತ್ತೇನೆ. ಒಂದೇ ಜಾತಿಯ ನಿಬ್ಬನ್ನು ಮೊದಲೇ ಜಾಸ್ತಿ ತಂದಿಟ್ಟುಕೊಳ್ಳಿ. ನಿಕ್ಕೋ ಜಿ ಗಟ್ಟಿ ನಿಬ್ಬು, ಕೈ ಸ್ವಲ್ಪ ಭಾರವಿದ್ದರೂ ತಡೆದುಕೊಳ್ಳುತ್ತದೆ. ಹೊಸ ನಿಬ್ಬಿನ ಮೇಲೆ ಎಣ್ಣೆಯ ಪದರ ಇರುತ್ತದೆ, ತುಕ್ಕು ಹಿಡಿಯದಿರಲಿ ಅಂತ ಹಚ್ಚಿರುತ್ತಾರೆ. ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆದು ಒರೆಸಿ. ಇಲ್ಲದಿದ್ದರೆ ಮಸಿ ನಿಬ್ಬಿನ ಮೇಲೆ ನಿಲ್ಲದೆ ಗುಂಡಗೆ ಹನಿಗಟ್ಟಿ ಜಾರುತ್ತದೆ.

ಇನ್ನು ಮಸಿ ಹರಡುವ ವಿಷಯ. ಕಾಗದ ಮಾಡುವಾಗ ಒಂದು ಬಗೆಯ ಅಂಟು ಸೇರಿಸುತ್ತಾರೆ. ಅದು ಕಡಿಮೆಯಾದರೆ ಕಾಗದದ ನಾರು ಮಸಿಯನ್ನು ಹೀರಿ, ತನ್ನ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ನಿಮಗೆ ಕಾಣುತ್ತಿರುವ ಬೇರು ಅದೇ. ಕವರ್ ಬದಲಾಯಿಸಲು ಆಗದಿದ್ದರೆ ಮಸಿಯನ್ನು ಗಟ್ಟಿ ಮಾಡಬೇಕು. ಗಮ್ ಅರೇಬಿಕ್ ಸಿಗುತ್ತದಲ್ಲ, ಜಾಲಿ ಜಾತಿಯ ಮರದ ಗೋಂದು, ಅದರ ದ್ರಾವಣವನ್ನು ಚಿಕ್ಕ ಬಟ್ಟಲಿನ ಮಸಿಗೆ ಒಂದೊಂದೇ ಹನಿ ಹಾಕಿ, ಪ್ರತಿ ಹನಿಗೂ ಒಂದು ಗೆರೆ ಎಳೆದು ನೋಡಿ. ಬೇರು ನಿಂತ ಕಡೆ ನಿಲ್ಲಿಸಿ. ಜಾಸ್ತಿಯಾದರೆ ಮಸಿ ನಿಬ್ಬಿನಿಂದ ಇಳಿಯುವುದೇ ಇಲ್ಲ. ಗ್ವಾಷ್ ಅನ್ನುವ ದಟ್ಟವಾದ ಜಲವರ್ಣವನ್ನು ನೀರಿನಲ್ಲಿ ಕಲೆಸಿಯೂ ಬರೆಯಬಹುದು, ಅದು ಹರಡುವುದು ಕಡಿಮೆ. ಆದರೆ ಗ್ವಾಷ್ ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಕವರ್ ಅಂಚೆಯಲ್ಲಿ ಹೋಗುವುದಾದರೆ ಅದನ್ನು ಯೋಚಿಸಿ. ಅಕ್ರಿಲಿಕ್ ಇಂಕು ಒಣಗಿದರೆ ನೀರಿಗೆ ಜಗ್ಗುವುದಿಲ್ಲ, ನಿಬ್ಬನ್ನು ಮಾತ್ರ ಆಗಾಗ ತೊಳೆಯುತ್ತಿರಬೇಕು.

ಗುರುಗಳಿಲ್ಲ ಅಂತ ಹಿಂಜರಿಯಬೇಡಿ. ಎಡ್ವರ್ಡ್ ಜಾನ್‌ಸ್ಟನ್ ಅಂತ ಇದ್ದರು, 1872ರಲ್ಲಿ ಹುಟ್ಟಿದವರು. ಅಗಲ ನಿಬ್ಬಿನ ಬರಹ ಆಗ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಅವರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಹಳೆಯ ಹಸ್ತಪ್ರತಿ ನೋಡಿ ನೋಡಿ, ನಿಬ್ಬನ್ನು ಯಾವ ಕೋನದಲ್ಲಿ ಹಿಡಿದರೆ ಆ ದಪ್ಪ ತೆಳು ಬರುತ್ತದೆ ಅನ್ನುವುದನ್ನು ಮತ್ತೆ ಕಂಡುಕೊಂಡರು. 1899ರಿಂದ ಲಂಡನ್ನಿನಲ್ಲಿ ಪಾಠ ಹೇಳಿದರು. ನಾವೆಲ್ಲ ಇವತ್ತು ಮೊದಲ ಪಾಠವಾಗಿ ಕಲಿಯುವ ಫೌಂಡೇಶನಲ್ ಶೈಲಿಯನ್ನು ಅವರು ಹತ್ತನೇ ಶತಮಾನದ ಒಂದು ಹಸ್ತಪ್ರತಿಯಿಂದ ರೂಪಿಸಿದರು. ಅಕ್ಷರದ ಎತ್ತರ ನಾಲ್ಕು ನಿಬ್ಬಿನಗಲ, ಅಂದರೆ ನಿಬ್ಬಿನ ತುದಿ ಎಷ್ಟು ಅಗಲವೋ ಅದರ ನಾಲ್ಕರಷ್ಟು. ನಿಬ್ಬು ಹಿಡಿಯುವ ಕೋನ 30 ಡಿಗ್ರಿ. ಲಂಡನ್ ಸುರಂಗ ರೈಲಿನ ಅಕ್ಷರಗಳೂ ಅವರದೇ. ನೋಡುವುದನ್ನು ಅವರಂತೆ ಕಲಿತರೆ ಮಾದರಿ ಹಾಳೆಯೇ ಪಾಠ ಹೇಳುತ್ತದೆ.

ಕೊನೆಯದಾಗಿ ಒಂದು ಅನುಭವ ಹೇಳುತ್ತೇನೆ. ನನ್ನ ಮೊದಲ ದೊಡ್ಡ ಕೆಲಸ ಒಂದು ಸಂಸ್ಥೆಯ 80 ಪ್ರಮಾಣಪತ್ರಗಳಿಗೆ ಹೆಸರು ತುಂಬುವುದು. ಅವರು ಎಣಿಸಿ 80 ಹಾಳೆ ಕೊಟ್ಟರು, ನಾನೂ ಎಣಿಸಿ ತಂದೆ. ಅರವತ್ತಮೂರನೆಯದನ್ನು ಬರೆಯುವಾಗ ನಿಬ್ಬಿನಿಂದ ಒಂದು ಹನಿ ಬಿತ್ತು. ಸಾಸಿವೆ ಕಾಳಿನಷ್ಟು ಇತ್ತೇನೋ. ಒಣಗಲು ಬಿಟ್ಟು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆದೆ. ದಪ್ಪ ಒಳ್ಳೆಯ ಕಾಗದವಾಗಿದ್ದರೆ ಹಾಗೆ ಕೆರೆದು, ಚಮಚದ ಬೆನ್ನಿನಿಂದ ಉಜ್ಜಿದರೆ ಗೊತ್ತೇ ಆಗುವುದಿಲ್ಲ. ಅದು ಮೇಲೆ ಹೊಳಪು ಹಚ್ಚಿದ ಕಾಗದ. ಹೊಳಪು ಚಕ್ಕೆಯಾಗಿ ಎದ್ದು ಬಂತು, ಕೆಳಗೆ ಬೂದು ಬಣ್ಣದ ಮಚ್ಚೆ ಉಳಿಯಿತು. ಇನ್ನೊಂದು ಹಾಳೆ ಕೇಳಲು ಹೋದಾಗ ಮುದ್ರಣ ಮುಗಿದಿದೆ, ಒಂದಕ್ಕೋಸ್ಕರ ಮತ್ತೆ ಹಾಕಿಸಲು ಆಗುವುದಿಲ್ಲ ಅಂದರು. ಆ ಹುಡುಗಿಯ ಪ್ರಮಾಣಪತ್ರ ಹಾಗೆಯೇ ಹೋಯಿತು. ಅವಳ ಹೆಸರು ನನಗೆ ಇವತ್ತಿಗೂ ನೆನಪಿದೆ.

ಅವತ್ತಿನಿಂದ ನೂರಕ್ಕೆ ಕನಿಷ್ಠ ಹತ್ತು ಹೆಚ್ಚಿಗೆ ಕೊಡದಿದ್ದರೆ ಕೆಲಸ ಹಿಡಿಯುವುದಿಲ್ಲ. ಹೆಸರಿನ ಪಟ್ಟಿಯನ್ನು ಬಾಯಲ್ಲಿ ಕೇಳಿ ಬರೆದುಕೊಳ್ಳುವುದಿಲ್ಲ, ಟೈಪ್ ಮಾಡಿ ಕಳಿಸಬೇಕು, ಪಟ್ಟಿಯಲ್ಲಿದ್ದಂತೆಯೇ ಬರೆಯುತ್ತೇನೆ ಅಂತ ಮೊದಲೇ ಹೇಳುತ್ತೇನೆ. ಒಂದು ಮಾದರಿ ಬರೆದು ತೋರಿಸಿ, ಅವರು ಒಪ್ಪಿ, ಅರ್ಧ ದುಡ್ಡು ಕೈಗೆ ಬಂದ ಮೇಲೆ ಮಿಕ್ಕಿದ್ದು ಶುರು. ಗೊತ್ತಿದ್ದವರಾದರೂ ಸರಿ. ಗೊತ್ತಿದ್ದವರಾದರೆ ಇನ್ನೂ ಮುಖ್ಯ.

ಬಿಳಿಹಾಳೆ:

ಲೆಕ್ಕಣಿಕೆ ಸರ್ ಹೇಳಿದ್ದಕ್ಕೆ ನನ್ನದೊಂದು ಬೇರೆ ಅಭಿಪ್ರಾಯ. ಕವರ್ ಕೆಲಸದಲ್ಲಿ ನಿಮ್ಮ ಗಂಟೆಗಳೇ ನಿಮ್ಮ ಸರಕು. ಗಂಟೆ ಮುಗಿದರೆ ಸಂಪಾದನೆ ಮುಗಿಯಿತು. ನಾನು ಎರಡು ವರ್ಷ ಅದನ್ನೇ ಮಾಡಿ, ಮಣಿಕಟ್ಟು ನೋವು ಬಂದು ಬಿಟ್ಟೆ. ಈಗ ಒಂದು ಬರಹವನ್ನು ನಿಧಾನವಾಗಿ ಬರೆಯುತ್ತೇನೆ, 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಧೂಳು ಕಲೆ ತೆಗೆದು, ಕಾರ್ಡು ಮತ್ತು ಗೋಡೆಯ ಚಿತ್ರವಾಗಿ ಮುದ್ರಿಸಿ ಮಾರುತ್ತೇನೆ. ಒಂದು ಸಲ ಬರೆದದ್ದು ಮತ್ತೆ ಮತ್ತೆ ಹೋಗುತ್ತದೆ. ಲೋಗೋ ಕೆಲಸ ಬಂದರೆ ಸ್ಕ್ಯಾನನ್ನು ವೆಕ್ಟರ್ ಮಾಡಿ, ಅಂದರೆ ಚುಕ್ಕೆಗಳ ಚಿತ್ರವನ್ನು ಗೆರೆಗಳ ಚಿತ್ರವಾಗಿ ಬದಲಾಯಿಸಿ ಕೊಡಬೇಕು, ಆಗ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.

ಒಂದು ಎಚ್ಚರಿಕೆ. ಇಷ್ಟವಾದ ಕವಿತೆಯ ಸಾಲು, ಹಾಡಿನ ಸಾಲು ಬರೆದು ಮನೆಗೆ ಹಾಕಿಕೊಳ್ಳುವುದು ಬೇರೆ, ಮಾರುವುದು ಬೇರೆ. ಲೇಖಕರು ತೀರಿಕೊಂಡು 50, 60 ಅಥವಾ 70 ವರ್ಷದವರೆಗೆ, ದೇಶಕ್ಕೆ ತಕ್ಕಂತೆ, ಹಕ್ಕು ಅವರ ಕಡೆಯವರದ್ದೇ. ಹಳೆಯದನ್ನು ಆರಿಸಿಕೊಳ್ಳಿ, ಇಲ್ಲವೇ ಅನುಮತಿ ಕೇಳಿ. ನಾನು ಕೇಳಿದಾಗ ಒಬ್ಬರು ಕವಿ ಸಂತೋಷದಿಂದ ಒಪ್ಪಿದರು, ನನ್ನ ಬರಹದ ಒಂದು ಪ್ರತಿಯನ್ನು ಮಾತ್ರ ಕೇಳಿ ಪಡೆದರು.

ಎಡಗೈ:

ಒಂದು ಸಣ್ಣ ಮಾತು, ಓದುತ್ತಿರುವ ಎಡಚರಿಗೆ. ಮೊನಚು ನಿಬ್ಬಿಗೆ ಬಲಗೈಯವರು ಓರೆ ಹಿಡಿಕೆ, ಅಂದರೆ ನಿಬ್ಬು ಪಕ್ಕಕ್ಕೆ ಓರೆಯಾಗಿ ಕೂರುವ ಹಿಡಿಕೆ ಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಡ. ನೇರ ಹಿಡಿಕೆಯಲ್ಲೇ ನಮ್ಮ ಕೈ ಆ ಓರೆಗೆ ಸರಿಯಾಗಿ ಕೂರುತ್ತದೆ. ಕೈಯನ್ನು ಸಾಲಿನ ಕೆಳಗಿಟ್ಟು ಬರೆಯಿರಿ, ಹಾಳೆಯನ್ನು ತಿರುಗಿಸಿಕೊಳ್ಳಿ. ಆಗ ಹಸಿ ಮಸಿಯ ಮೇಲೆ ಅಂಗೈ ಹೋಗುವುದಿಲ್ಲ. ಅಗಲ ನಿಬ್ಬಿನಲ್ಲಿ ಎಡಗೈಗೆ ಅಂತಲೇ ಓರೆಯಾಗಿ ಕತ್ತರಿಸಿದ್ದು ಸಿಗುತ್ತದೆ.

ಲೆಕ್ಕಣಿಕೆ:

ಬಿಳಿಹಾಳೆ ಅವರೇ, ಮಣಿಕಟ್ಟಿನ ಮಾತು ಸರಿ. ನಾನೂ ತಿಂಗಳಿಗೆ ಇಷ್ಟೇ ಕವರ್ ಅಂತ ಮಿತಿ ಇಟ್ಟುಕೊಂಡಿದ್ದೇನೆ. ಆದರೆ ಶುರುವಿನಲ್ಲಿ ಇರುವವರು ಕವರ್ ಕೆಲಸ ಬಿಡಬಾರದು ಅಂತಲೇ ನನ್ನ ಅಭಿಪ್ರಾಯ. ಅಭ್ಯಾಸದ ಹಾಳೆಯಲ್ಲಿ ನಮಗೆ ಇಷ್ಟವಾದ ಅಕ್ಷರವನ್ನೇ ಬರೆಯುತ್ತಿರುತ್ತೇವೆ. 120 ಜನರ ಹೆಸರು ಬಂದರೆ ನಾವು ತಪ್ಪಿಸಿಕೊಂಡು ಓಡಾಡುತ್ತಿದ್ದ ಅಕ್ಷರವೆಲ್ಲ ಎದುರಿಗೆ ಬಂದು ನಿಲ್ಲುತ್ತದೆ. ನನ್ನ "ಠ" ತಿದ್ದಿದ್ದು ಒಂದು ಮದುವೆಯ ಪಟ್ಟಿ. ಆ ಮನೆಯವರ ಅರ್ಧ ಬಳಗದ ಅಡ್ಡಹೆಸರಿನಲ್ಲಿ ಆ ಅಕ್ಷರ ಇತ್ತು. ಮುದ್ರಿಸಿ ಮಾರುವ ಬರಹಕ್ಕೆ ಬೇಕಾದ ಕೈ ಅಂಥ ಕಡೆಯೇ ತಯಾರಾಗುವುದು.

ನೀಲಿಮಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಡಿಯಾರ ಇಟ್ಟುಕೊಂಡು ಹತ್ತು ಬರೆದೆ. ಒಂದು ಗಂಟೆ ಐವತ್ತು ನಿಮಿಷ ಆಯಿತು, ಅಂದರೆ ತಲಾ ಹನ್ನೊಂದು ನಿಮಿಷ. 132ಕ್ಕೆ 24 ಗಂಟೆ. ದಿನಕ್ಕೆ ಐದರಂತೆ ಬರೆದರೂ ಐದು ವಾರದಲ್ಲಿ ಒಂದು ವಾರದ ಮೇಲೆ ಉಳಿಯುತ್ತದೆ. ಗೋಂದು ಮೂರು ಹನಿಗೆ ಬೇರು ನಿಂತಿತು. ನಿಜವಾಗಿ ಕುಣಿದಾಡುವ ಹಾಗಾಯಿತು.

ಇವತ್ತು ಅವರಿಗೆ ಲೆಕ್ಕ ಸಮೇತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಕೆಲಸ ಇರುತ್ತದೆ ಅಂತ ಗೊತ್ತಿರಲಿಲ್ಲ. ಹೆಸರು, ವಿಳಾಸ ಎರಡೂ ನೀವೇ ಬರೆಯಿರಿ" ಅಂದರು. ಅರ್ಧ ದುಡ್ಡು ನಾಳೆ ಕೊಡುತ್ತಾರೆ. ಪಟ್ಟಿ ಟೈಪ್ ಮಾಡಿ ಕಳಿಸಿದ್ದಾರೆ, 46 ಹೆಸರು ಕನ್ನಡದಲ್ಲೇ ಬೇಕಂತೆ. ಅದನ್ನು ಅಗಲ ನಿಬ್ಬಿನಲ್ಲಿ ಬರೆಯೋಣ ಅಂತಿದ್ದೇನೆ. ಆದರೆ ಒತ್ತಕ್ಷರ ಬಂದ ಕಡೆಯೆಲ್ಲ ಕೆಳಗಿನ ಸಾಲಿಗೆ ತಾಗುತ್ತಿದೆ. ಇಂಗ್ಲಿಷಿಗೆ ಎಳೆದ ಗೆರೆಯನ್ನೇ ಬಳಸಿದ್ದು ತಪ್ಪಾಯಿತಾ?

ಲೆಕ್ಕಣಿಕೆ:

ಹೌದು, ಅದೇ ಕಾರಣ. ಕನ್ನಡಕ್ಕೆ ಗೆರೆ ಬೇರೆಯೇ ಎಳೆಯಬೇಕು. ನಾನು ಇಟ್ಟುಕೊಂಡಿರುವ ಅಳತೆ ಹೇಳುತ್ತೇನೆ. ಅಕ್ಷರದ ಮೈಗೆ ನಾಲ್ಕು ನಿಬ್ಬಿನಗಲ. ಮೇಲೆ ತಲೆಕಟ್ಟು, ಗುಡಿಸಿಗೆ ಎರಡು. ಕೆಳಗೆ ಒತ್ತಿಗೆ ಮೂರು. ಸಾಲುಗಳ ನಡುವೆ ಉಸಿರಾಡಲು ಒಂದು. ಒಟ್ಟು ಹತ್ತು. 1.5 ಮಿ.ಮೀ. ನಿಬ್ಬು ಹಿಡಿದರೆ ಸಾಲಿಗೆ 15 ಮಿ.ಮೀ., ನಾಲ್ಕು ಸಾಲಿಗೆ 60 ಮಿ.ಮೀ. ಸಾಮಾನ್ಯ ಕವರಿನಲ್ಲಿ ಆರಾಮಾಗಿ ಹಿಡಿಸುತ್ತದೆ.

ಒತ್ತನ್ನು ಅದೇ ನಿಬ್ಬಿನಲ್ಲಿ ಮೂಲ ಅಕ್ಷರದಷ್ಟೇ ದೊಡ್ಡದಾಗಿ ಬರೆಯಲು ಹೋಗಬೇಡಿ. ಗಾತ್ರ ಇಳಿಸಿ, ಮೂಲ ಅಕ್ಷರದ ಬಲಗಾಲಿನ ಪಕ್ಕಕ್ಕೆ ಸ್ವಲ್ಪ ಸೇರಿಸಿ ಕೂರಿಸಿ, ನೇರ ಕೆಳಗೆ ನೇತುಹಾಕಬೇಡಿ. ಆಗ ಮೂರು ನಿಬ್ಬಿನಗಲದಲ್ಲಿ ಹಿಡಿಸುತ್ತದೆ. ಗಾತ್ರ ಇಳಿಸಿದಾಗ ಒಳಗಿನ ಸುರುಳಿ ಮಸಿಯಿಂದ ಮುಚ್ಚಿಹೋದರೆ ಒತ್ತಿಗೆ ಮಾತ್ರ ನಿಬ್ಬಿನ ಮೂಲೆಯನ್ನು ಬಳಸಿ.

ನಿಮ್ಮ ಪಟ್ಟಿಯಲ್ಲಿ "ಲಕ್ಷ್ಮಿ" ಇದ್ದೇ ಇರುತ್ತಾರೆ, ಹುಡುಕಿ. ಕಕಾರದ ಮೇಲೆ ಗುಡಿಸು, ಕೆಳಗೆ ಷಕಾರದ ಒತ್ತು, ಅದರ ಪಕ್ಕ ಮಕಾರದ ಒತ್ತು. ಮೇಲೆ, ಮೈಗೆ, ಕೆಳಗೆ, ಮೂರು ಅಳತೆಯನ್ನೂ ಆ ಒಂದು ಹೆಸರು ಪರೀಕ್ಷೆ ಮಾಡುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಗುಡಿಸು ಇರುವ ಊರ ಹೆಸರೊಂದನ್ನು ಬರೆದು ನೋಡಿ. ಒಂದಕ್ಕೊಂದು ತಾಗದಿದ್ದರೆ ಆ ಹಾಳೆಯ ಗೆರೆಯನ್ನೇ 46ಕ್ಕೂ ಇಟ್ಟುಕೊಳ್ಳಿ. ಫೋಟೋ ಹಾಕಿ, ನೋಡುತ್ತೇನೆ.